ಹೈಬ್ರಿಡ್ ಕಾರಿಗೆ ಹೊಸ ಉಪಕರಣ: ಹಾಕಿಸುವ ಮುನ್ನ ಮೂರು ಪ್ರಶ್ನೆ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಸಿರಿಧಾನ್ಯದ ಅಡುಗೆಯ ಬಗ್ಗೆ ರುಚಿಯಾದ ಮಾತು ಕೇಳಿದಿರಿ. ಈ ತಿಂಗಳು ಬ್ಯಾಟರಿ, ವೈರು, ಫ್ಯೂಸು. "ಇದು ಗಂಡಸರ ವಿಷಯವಲ್ಲವೇ?" ಎಂದು ಬಾಗಿಲಲ್ಲೇ ಒಬ್ಬರು ನಗುತ್ತಾ ಕೇಳಿದರು. ಕಾರು ಓಡಿಸುವುದು ಯಾರು ಎಂದು ನಾನು ಕೇಳಿದೆ. "ನಾನೇ" ಎಂದರು. ಹಾಗಾದರೆ ಇದು ಅವರ ವಿಷಯವೇ.

ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವಳು. ನಿವೃತ್ತಿಯ ನಂತರವೂ ಗೆಳತಿಯರು ಮಿಕ್ಸಿಯಿಂದ ಹಿಡಿದು ಮನೆಯ ಇನ್ವರ್ಟರ್‌ವರೆಗೆ ಎಲ್ಲದಕ್ಕೂ ಫೋನ್ ಮಾಡುತ್ತಾರೆ. ಈಗ ಎರಡು ವರ್ಷದಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹೈಬ್ರಿಡ್ ಕಾರಿನವು. "ಡ್ಯಾಶ್‌ಕ್ಯಾಮ್ ಹಾಕಿಸಲೇ?", "ದೊಡ್ಡ ಸ್ಕ್ರೀನ್ ಹಾಕಿಸಿದರೆ ವಾರಂಟಿ ಹೋಗುತ್ತದೆಯೇ?", "ಮಗ ಅಮೆರಿಕದಿಂದ ಏನೋ ಪುಟ್ಟ ಪೆಟ್ಟಿಗೆ ತಂದಿದ್ದಾನೆ, ಸ್ಟೀರಿಂಗ್ ಕೆಳಗೆ ಚುಚ್ಚಬಹುದಂತೆ, ಚುಚ್ಚಲೇ?" ಇಂಥವು. ಇವಕ್ಕೆಲ್ಲ ಒಟ್ಟಿಗೆ ಉತ್ತರ ಹೇಳೋಣ ಎಂದು ಸಂಚಾಲಕಿಯವರ ಮಾತಿಗೆ ಒಪ್ಪಿಕೊಂಡೆ.

ಮೊದಲು ಹೈಬ್ರಿಡ್ ಅಂದರೆ ಏನು ಎಂದು ಎರಡು ಮಾತು. ಒಂದೇ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ನಿಧಾನವಾಗಿ ಹೋಗುವಾಗ ಮೋಟಾರು ಎಳೆಯುತ್ತದೆ, ವೇಗ ಹೆಚ್ಚಿದಾಗ ಎಂಜಿನ್ ಸೇರಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿ ಬ್ಯಾಟರಿಗೆ ಹಿಂದಿರುಗುತ್ತದೆ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಟೊಯೋಟಾ ಪ್ರಿಯಸ್. ಅದು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಭಾರತಕ್ಕೆ ಬಂದದ್ದು 2010ರಲ್ಲಿ, ಬೆಲೆ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. 2013ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಗಳು ಬಂದವು, ಅದರ ಬೆನ್ನಿಗೇ ಇನ್ನೋವಾ ಹೈಕ್ರಾಸ್ ಬಂತು. ಇಂದು ಈ ಸಭಾಂಗಣದ ಹೊರಗೆ ನಿಂತಿರುವ ಹೈರೈಡರ್, ಹೈಕ್ರಾಸ್‌ಗಳು ಬಿಡದಿಯಲ್ಲಿ ಹುಟ್ಟಿ ನಮ್ಮ ಹಾಗೆಯೇ ಪುಣೆಗೆ ಬಂದು ನೆಲೆಸಿದವು.

ಒಂದು ವ್ಯತ್ಯಾಸ ಗಮನಿಸಿ. ಕೆಲವು ಕಾರುಗಳ ಹಿಂದೆಯೂ ಹೈಬ್ರಿಡ್ ಎಂದು ಬರೆದಿರುತ್ತದೆ, ಆದರೆ ಅವು ಮೈಲ್ಡ್ ಹೈಬ್ರಿಡ್. ಅಲ್ಲಿ ಮೋಟಾರು ಎಂಜಿನ್ನಿಗೆ ಕೈ ಜೋಡಿಸುತ್ತದೆ ಅಷ್ಟೇ, ತಾನೊಂದೇ ಕಾರನ್ನು ಓಡಿಸುವುದಿಲ್ಲ. ನಾನು ಇವತ್ತು ಮಾತಾಡುವುದು ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ, ಅಂದರೆ ಸೊಸೈಟಿಯ ಗೇಟಿನಿಂದ ಸದ್ದೇ ಇಲ್ಲದೆ ಹೊರಡುವ ಕಾರಿನ ಬಗ್ಗೆ.

ಒಂದು ಕಾರು, ಎರಡು ಬ್ಯಾಟರಿ

ಈ ಕಾರಿನಲ್ಲಿ ಬ್ಯಾಟರಿ ಎರಡು. ಇದನ್ನು ನೆನಪಿಟ್ಟುಕೊಂಡರೆ ಇಂದಿನ ಮಾತಿನ ಅರ್ಧ ನೆನಪಿಟ್ಟ ಹಾಗೆ.

ಒಂದು ದೊಡ್ಡದು. ಕಾರನ್ನು ಎಳೆಯುವ ಮೋಟಾರಿಗೆ ಶಕ್ತಿ ಕೊಡುವುದು ಇದೇ. ನಮ್ಮಲ್ಲಿ ಸಿಗುವ ಕಾರುಗಳಲ್ಲಿ ಇದರ ಒತ್ತಡ 150 ವೋಲ್ಟ್‌ಗಿಂತ ಹೆಚ್ಚು. ಇದರಿಂದ ಹೊರಡುವ ಕೇಬಲ್‌ಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಮನೆಯ ಪ್ಲಗ್ಗಿನಲ್ಲಿ ಬೆರಳು ಇಟ್ಟಷ್ಟೇ ಅಪಾಯ ಇದರಲ್ಲೂ ಇದೆ. ಇನ್ನೊಂದು ಚಿಕ್ಕದು, 12 ವೋಲ್ಟ್‌ನದು, ನಮ್ಮ ಹಳೆಯ ಮಾರುತಿ 800ರಲ್ಲಿ ಇದ್ದ ಹಾಗೆ. ಕೆಲವು ಮಾದರಿಗಳಲ್ಲಿ ಬಾನೆಟ್ ಕೆಳಗೆ, ಕೆಲವರಲ್ಲಿ ಹಿಂಭಾಗದಲ್ಲಿ ಇರುತ್ತದೆ. ಕಾರಿನ ಕಂಪ್ಯೂಟರುಗಳು, ಬಾಗಿಲ ಲಾಕು, ದೀಪ, ಹಾರ್ನು, ಸ್ಕ್ರೀನು ಎಲ್ಲ ನಡೆಯುವುದು ಈ ಚಿಕ್ಕದರಿಂದ.

"ದೊಡ್ಡ ಬ್ಯಾಟರಿ ಇದೆಯಲ್ಲ, ಚಿಕ್ಕದು ಖಾಲಿಯಾದರೇನು?" ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಅಡುಗೆಮನೆಯನ್ನೇ ನೋಡಿ. ಗ್ಯಾಸ್ ಸಿಲಿಂಡರ್ ತುಂಬಿದೆ, ಆದರೆ ಮನೆಯಲ್ಲಿ ಲೈಟರೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ. ಒಲೆ ಹತ್ತುವುದು ಹೇಗೆ? ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳು ಕೂಡಿಕೊಳ್ಳಬೇಕಾದರೆ ಮೊದಲು ಕಂಪ್ಯೂಟರುಗಳು ಏಳಬೇಕು, ಅವನ್ನು ಎಬ್ಬಿಸುವುದು ಚಿಕ್ಕ ಬ್ಯಾಟರಿ. ಕಾರು ಎದ್ದು ಫಲಕದಲ್ಲಿ 'ರೆಡಿ' ಎಂದು ಬಂದ ಮೇಲೆ ದೊಡ್ಡ ಬ್ಯಾಟರಿಯಿಂದ ಒಂದು ಪರಿವರ್ತಕದ ಮೂಲಕ ಚಿಕ್ಕದಕ್ಕೆ ಚಾರ್ಜ್ ಹೋಗುತ್ತದೆ. 'ರೆಡಿ' ಇಲ್ಲದಿದ್ದರೆ ಚಿಕ್ಕದಕ್ಕೆ ಆದಾಯವಿಲ್ಲ, ಬರೀ ಖರ್ಚು.

ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಕಾರಿನಲ್ಲಿ ಬ್ಯಾಟರಿ ಸೋಲುತ್ತಾ ಬಂದಾಗ ಕೀಲಿ ತಿರುಗಿಸಿದರೆ ಎಂಜಿನ್ ಎದ್ದೇಳಲು ತಿಣುಕಾಡುತ್ತಿತ್ತು. ಆ ಸದ್ದು ಕೇಳಿಯೇ ನಾವು ಗ್ಯಾರೇಜಿಗೆ ಹೋಗುತ್ತಿದ್ದೆವು. ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವ ಕೆಲಸ ದೊಡ್ಡ ಬ್ಯಾಟರಿಯದು. ಆದ್ದರಿಂದ ಚಿಕ್ಕದು ಸೋಲುತ್ತಿರುವುದು ಕಿವಿಗೆ ಗೊತ್ತಾಗುವುದಿಲ್ಲ. ನಿನ್ನೆ ಸರಿಯಾಗಿದ್ದ ಕಾರು ಇವತ್ತು ಬಾಗಿಲನ್ನೇ ತೆಗೆಯುವುದಿಲ್ಲ.

ಹತ್ತು ದಿನದ ಮದುವೆ, ಮೂರು ದಿನದ ಬ್ಯಾಟರಿ

ನಮ್ಮ ಸೊಸೈಟಿಯಲ್ಲೇ ನಡೆದದ್ದು ಹೇಳುತ್ತೇನೆ. ಗೆಳತಿಯೊಬ್ಬರು ಹೊಸ ಹೈಬ್ರಿಡ್ ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದರು. ಕಾರು ನಿಂತಿದ್ದಾಗಲೂ ಯಾರಾದರೂ ಗೀಚಿದರೆ ರೆಕಾರ್ಡ್ ಆಗಲಿ ಎಂದು ಪಾರ್ಕಿಂಗ್ ಮೋಡ್ ಬೇಕೆಂದರು. ಅಂಗಡಿಯ ಹುಡುಗ ಸದಾ ವಿದ್ಯುತ್ ಇರುವ ಫ್ಯೂಸಿಗೆ ಜೋಡಿಸಿ, "ಕಾಹೀ ಹೋಣಾರ್ ನಾಹೀ ಮ್ಯಾಡಮ್" ಎಂದು ಕಳಿಸಿದ. ಅವರು ಧಾರವಾಡದ ಮದುವೆಗೆ ರೈಲಿನಲ್ಲಿ ಹೋಗಿ ಹತ್ತು ದಿನ ಇದ್ದು ಬಂದರು. ಬಂದ ರಾತ್ರಿಯೇ ಹನ್ನೊಂದು ಗಂಟೆಗೆ ಅತ್ತೆಗೆ ಉಸಿರಾಟದ ತೊಂದರೆ ಶುರುವಾಯಿತು. ಕೆಳಗೆ ಓಡಿದರೆ ಕಾರು ಕಲ್ಲಿನ ಹಾಗೆ ನಿಂತಿದೆ, ರಿಮೋಟಿಗೆ ಉತ್ತರವಿಲ್ಲ. ಪಕ್ಕದ ಮನೆಯವರು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ದೇವರ ದಯೆ, ಅತ್ತೆ ಚೆನ್ನಾಗಿದ್ದಾರೆ. ಮರುದಿನ ಬಂದ ಮೆಕ್ಯಾನಿಕ್ "ಬ್ಯಾಟರಿ ಕೆಟ್ಟಿದೆ" ಎಂದ. ಅದು ಕೆಟ್ಟಿರಲಿಲ್ಲ, ಖಾಲಿಯಾಗಿತ್ತು.

ಲೆಕ್ಕ ಮಾಡೋಣ, ಸಂತೆಯ ಲೆಕ್ಕಕ್ಕಿಂತ ಕಷ್ಟವಲ್ಲ. ಚಿಕ್ಕ ಬ್ಯಾಟರಿ 45 ಆಂಪಿಯರ್ ಅವರ್‌ನದು ಎಂದಿಟ್ಟುಕೊಳ್ಳಿ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸಿಗೆ ಪೆಟ್ಟು. ಆದ್ದರಿಂದ ಖರ್ಚಿಗೆ ಸಿಗುವುದು ಸುಮಾರು 22. ಪಾರ್ಕಿಂಗ್ ಮೋಡ್‌ನಲ್ಲಿ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೆ 24 ಗಂಟೆಗೆ 7.2 ಖರ್ಚು. ಮೂರು ದಿನಕ್ಕೆ 21.6. ಅಲ್ಲಿಗೆ ಮುಗಿಯಿತು. ಕಾರು ಮಾತ್ರ ತಾನೇ ನಿದ್ದೆಯಲ್ಲಿದ್ದು 0.03 ಆಂಪಿಯರ್ ಬಳಸಿದ್ದರೆ ಅದೇ ಬ್ಯಾಟರಿ ತಿಂಗಳು ಬರುತ್ತಿತ್ತು. ಹನಿಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಹನಿಹನಿ ಸೋರಿದರೆ ಕೊಡವೂ ಖಾಲಿ.

ಅಂಗಡಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ಯಾವ ಉಪಕರಣವೇ ಇರಲಿ, ಬಣ್ಣ, ಬೆಲೆ, ಬ್ರ್ಯಾಂಡ್ ಕೇಳುವ ಮೊದಲು ಈ ಮೂರು ಕೇಳಿ.

ಒಂದು: ಇದು ವಿದ್ಯುತ್ತನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ?
ಎರಡು: ಕಾರು ಬಂದ್ ಮಾಡಿದ ಮೇಲೆ ಇದು ಯಾವಾಗ ಬಂದ್ ಆಗುತ್ತದೆ?
ಮೂರು: ಇದಕ್ಕಾಗಿ ಕಾರಿನ ಯಾವ ವೈರನ್ನು ಕತ್ತರಿಸುತ್ತೀರಿ?

ಉತ್ತರ ಸ್ಪಷ್ಟವಾಗಿ ಬಂದರೆ ಮುಂದಿನ ಮಾತು. "ನೀವು ಚಿಂತೆ ಮಾಡಬೇಡಿ" ಎಂಬುದು ಉತ್ತರವಲ್ಲ. ನೀವೇ ನಿಂತು ಕೇಳಿ. ಮನೆಯವರನ್ನೋ ಡ್ರೈವರನ್ನೋ ಕಳಿಸಿ, ಕಾರು ಬಂದ ಮೇಲೆ ಕೀಲಿ ಮಾತ್ರ ತೆಗೆದುಕೊಂಡರೆ ರಾತ್ರಿ ಹನ್ನೊಂದಕ್ಕೆ ಕಷ್ಟ ಬರುವುದು ನಿಮಗೆ.

ಈಗ ಒಂದೊಂದೇ ಉಪಕರಣಕ್ಕೆ ಬರುತ್ತೇನೆ. ಡ್ಯಾಶ್‌ಕ್ಯಾಮ್ ಬೇಡ ಎನ್ನುವುದಿಲ್ಲ. ಅಪಘಾತವಾದಾಗ ತಪ್ಪು ಯಾರದು ಎಂಬ ಜಗಳದಲ್ಲಿ ಹೆಂಗಸಿನ ಮಾತಿಗಿಂತ ಎದುರಿನವನ ಗಂಟಲೇ ಗೆಲ್ಲುವುದು ನಮಗೆ ಗೊತ್ತು. ಅಲ್ಲಿ ಕ್ಯಾಮೆರಾ ನಮ್ಮ ಪರ ಮಾತಾಡುತ್ತದೆ. ಆದರೆ ಕಾರು ಬಂದ್ ಆದಾಗ ತಾನೂ ಬಂದ್ ಆಗುವ ಫ್ಯೂಸಿಗೆ ಜೋಡಿಸಿಸಿ. ಪಾರ್ಕಿಂಗ್ ಮೋಡ್ ಬೇಕೇ ಬೇಕು ಎಂದರೆ ಬ್ಯಾಟರಿಯ ಒತ್ತಡ 12.2 ವೋಲ್ಟ್‌ಗೆ ಇಳಿದಾಗ ತಾನೇ ಕಡಿದುಕೊಳ್ಳುವ ಹಾರ್ಡ್‌ವೈರ್ ಕಿಟ್ ಹಾಕಿಸಿ. ಊರಿಗೆ ಹೋಗುವಾಗ ಅದನ್ನೂ ಬಂದ್ ಮಾಡಿ ಹೋಗಿ. ಫ್ಯೂಸ್ ಟ್ಯಾಪ್ ಎಂಬ ಚಿಕ್ಕ ಸಾಧನ ಬಳಸಿದರೆ ಯಾವ ವೈರನ್ನೂ ಕತ್ತರಿಸಬೇಕಿಲ್ಲ. ಅದನ್ನು ಏರ್‌ಬ್ಯಾಗಿನ ಫ್ಯೂಸಿಗೆ ಮಾತ್ರ ಹಾಕಕೂಡದು. ಪುಣೆಯ ಏಪ್ರಿಲ್ ಬಿಸಿಲಿಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾಕ್ಕಿಂತ ಸೂಪರ್ ಕೆಪ್ಯಾಸಿಟರ್ ಇರುವುದು ಬಾಳಿಕೆ ಬರುತ್ತದೆ.

ಎರಡನೆಯದು, ಮಗ ತಂದ ಪುಟ್ಟ ಪೆಟ್ಟಿಗೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಕಿಂಡಿ ಇರುತ್ತದೆ, ಹೆಸರು ಒಬಿಡಿ ಪೋರ್ಟ್. ಸರ್ವಿಸ್‌ನವರು ತಮ್ಮ ಯಂತ್ರ ಚುಚ್ಚಿ ಕಾರಿನ ಆರೋಗ್ಯ ನೋಡುವುದು ಇಲ್ಲೇ. ಕಾರಿನೊಳಗಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ದಾರಿಗೆ ಕ್ಯಾನ್ ಬಸ್ ಎನ್ನುತ್ತಾರೆ. ಬಾಷ್ ಕಂಪನಿ ಅದನ್ನು 1986ರಲ್ಲಿ ಲೋಕದ ಮುಂದಿಟ್ಟಿತು. ಒಬಿಡಿ ಅಡಾಪ್ಟರ್ ಈ ಮಾತುಗಳನ್ನು ಕೇಳಿಸಿಕೊಂಡು ಬ್ಲೂಟೂತ್ ಮೂಲಕ ನಿಮ್ಮ ಫೋನಿಗೆ ಹೇಳುತ್ತದೆ. ಚಿಕ್ಕ ಬ್ಯಾಟರಿಯ ಒತ್ತಡ, ಎಂಜಿನ್ನಿನ ಬಿಸಿ, ಎಚ್ಚರಿಕೆ ದೀಪ ಏಕೆ ಹತ್ತಿದೆ ಎಂಬ ಕೋಡ್ ಎಲ್ಲ ತಿಳಿಯುತ್ತದೆ. ನಿಮ್ಮ ಮಾದರಿಗೆ ಹೊಂದುವ ಆ್ಯಪ್ ಇದ್ದರೆ ದೊಡ್ಡ ಬ್ಯಾಟರಿ ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ ಎಂಬುದೂ ಕಾಣುತ್ತದೆ.

ನನ್ನ ಪ್ರಕಾರ ಹೈಬ್ರಿಡ್ ಕಾರಿಗೆ ಮೊದಲು ಕೊಳ್ಳಬೇಕಾದ ಉಪಕರಣ ಇದು. ಇದರಿಂದ ಕಾರಿನ ಗುಣ ನಮಗೆ ಅರ್ಥವಾಗುತ್ತದೆ. ಖಂಡಾಳಾ ಘಾಟಿ ಇಳಿಯುವಾಗ ಗಮನಿಸಿ: ಇಳಿಜಾರಿನ ಶಕ್ತಿಯಿಂದ ದೊಡ್ಡ ಬ್ಯಾಟರಿ ತುಂಬುತ್ತಾ ಹೋಗುತ್ತದೆ, ತುಂಬಿದ ಮೇಲೆ ಅದು ಇನ್ನಷ್ಟು ತೆಗೆದುಕೊಳ್ಳುವುದಿಲ್ಲ. ಆಗ ಎಂಜಿನ್ ಇದ್ದಕ್ಕಿದ್ದಂತೆ ಗುಂಯ್ ಎನ್ನುತ್ತದೆ. ಅದು ಕೆಟ್ಟದ್ದಲ್ಲ, ಕಾರಿನ ವೇಗ ಹಿಡಿಯಲು ಎಂಜಿನ್ನನ್ನು ಬಳಸುತ್ತಿದೆ. ಟೊಯೋಟಾ ಹೈಬ್ರಿಡ್‌ಗಳಲ್ಲಿ ಗೇರಿನ ಬಳಿ 'ಬಿ' ಎಂದು ಇರುವುದು ಇಂಥ ದೀರ್ಘ ಇಳಿಜಾರಿಗಾಗಿಯೇ.

ಆದರೆ ಈ ಪೆಟ್ಟಿಗೆಯನ್ನು ಕೆಲಸ ಮುಗಿದ ಮೇಲೆ ತೆಗೆದಿಡಿ. ಒಂದು ಕಾರಣ, ಅದೂ ಹನಿಹನಿ ವಿದ್ಯುತ್ ಕುಡಿಯುತ್ತದೆ. ಇನ್ನೊಂದು ಕಾರಣ ದೊಡ್ಡದು. ಈ ಕಿಂಡಿಯಿಂದ ಕೇಳುವುದು ಮಾತ್ರವಲ್ಲ, ಕಾರಿಗೆ ಆಜ್ಞೆ ಕೊಡುವುದೂ ಸಾಧ್ಯ. 2015ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಿಮ್ ಇರುವ ಇಂಥದೊಂದು ಸಾಧನಕ್ಕೆ ಎಸ್ಸೆಮ್ಮೆಸ್ ಕಳಿಸಿ ಒಂದು ಕಾರಿನ ಬ್ರೇಕನ್ನೇ ನಿಷ್ಕ್ರಿಯಗೊಳಿಸಿ ತೋರಿಸಿದರು. ಪಾಸ್‌ವರ್ಡ್ ಇಲ್ಲದ ಅಗ್ಗದ ಅಡಾಪ್ಟರನ್ನು ಸದಾ ಚುಚ್ಚಿಡುವುದೆಂದರೆ ಮನೆಯ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಮೂರನೆಯದು ಜಿಪಿಎಸ್ ಟ್ರ್ಯಾಕರ್. ಕಾರು ಕಳುವಾದರೆ, ಮಗಳು ತಡರಾತ್ರಿ ಹಿಂಜವಡಿಯಿಂದ ಬರುತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಇದಕ್ಕೆ ನಾಲ್ಕನೆಯ ಪ್ರಶ್ನೆಯನ್ನೂ ಸೇರಿಸಿ: ಲಾಗಿನ್ ಯಾರ ಬಳಿ ಇದೆ? ಕಾರು ಓಡಿಸುವವಳ ಒಪ್ಪಿಗೆಯಿಂದ ಹಾಕಿದರೆ ಅದು ಕಾವಲು. ಅವಳಿಗೆ ಗೊತ್ತಿಲ್ಲದೆ ಮನೆಯ ಯಾರದೋ ಫೋನಿನಲ್ಲಿ ಅವಳ ಓಡಾಟ ಕಾಣುತ್ತಿದ್ದರೆ ಅದು ಬೇರೆಯೇ. ಹಳೆಯ ಕಾರು ಕೊಂಡಾಗ ಹಿಂದಿನ ಮಾಲೀಕರ ಟ್ರ್ಯಾಕರ್ ಉಳಿದಿದೆಯೇ ನೋಡಿಸಿ. ಮಾರುವಾಗ ಸ್ಕ್ರೀನಿನಲ್ಲಿ ಉಳಿದ ನಿಮ್ಮ ಫೋನ್ ನಂಬರುಗಳು, ಮನೆ ವಿಳಾಸ, ಕ್ಯಾಮೆರಾದ ಕಾರ್ಡ್ ಎಲ್ಲ ತೆಗೆದು ಕೊಡಿ.

ನಾಲ್ಕನೆಯದು ದೊಡ್ಡ ಸ್ಕ್ರೀನ್ ಮತ್ತು ಆಂಪ್ಲಿಫೈಯರ್. ಹಲವು ಹೈಬ್ರಿಡ್ ಕಾರುಗಳಲ್ಲಿ ಸ್ಕ್ರೀನು ಹಾಡಿಗೆ ಮಾತ್ರ ಇರುವುದಿಲ್ಲ. ಶಕ್ತಿ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂಬ ಚಿತ್ರ, ಹಿಂಬದಿ ಕ್ಯಾಮೆರಾ, ಕಾರಿನ ಸೆಟ್ಟಿಂಗುಗಳು ಅದರಲ್ಲೇ ಇರುತ್ತವೆ. ಬೇರೆ ಹಾಕಿಸಿದರೆ ಇವುಗಳಲ್ಲಿ ಕೆಲವು ಹೋಗಬಹುದು. ಅಂಗಡಿಯವರು ಕಪ್ಲರ್‌ಗೆ ಕಪ್ಲರ್ ಎನ್ನುತ್ತಾರೆ, ಅಂದರೆ ವೈರ್ ಕತ್ತರಿಸದೆ ಜೋಡಿಸುವುದು. ಅದೇ ಬೇಕೆಂದು ಹಟ ಹಿಡಿಯಿರಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಂಪ್ಲಿಫೈಯರ್‌ಗೆ ಬೇಕಾಗುವುದು ಬಹಳ ವಿದ್ಯುತ್. ಅದರ ದಪ್ಪ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು, ಇಲ್ಲದಿದ್ದರೆ ಆ ವೈರು ಎಲ್ಲಾದರೂ ತಗಡಿಗೆ ಉಜ್ಜಿದರೆ ಬೆಂಕಿ.

ಐದನೆಯದು ಕೇಳಿ ನಗಬೇಡಿ: ಸೀಟ್ ಕವರ್. ನಮ್ಮವರು ಕಾರು ಕೊಂಡ ದಿನವೇ ಹಾಕಿಸುವುದು ಅದನ್ನೇ. ಅನೇಕ ಹೈಬ್ರಿಡ್ ಕಾರುಗಳಲ್ಲಿ ದೊಡ್ಡ ಬ್ಯಾಟರಿಗೆ ತಂಪು ಗಾಳಿ ಹೋಗುವ ಕಿಂಡಿ ಹಿಂಬದಿ ಸೀಟಿನ ಪಕ್ಕ ಅಥವಾ ಕೆಳಗೆ ಇರುತ್ತದೆ. ದಪ್ಪ ಕವರ್, ಮ್ಯಾಟ್, ಊರಿನಿಂದ ತಂದ ಅಕ್ಕಿ ಚೀಲ ಅದನ್ನು ಮುಚ್ಚಿದರೆ ಬ್ಯಾಟರಿ ಉಸಿರು ಕಟ್ಟಿ ಬಿಸಿಯಾಗುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ. ಆ ಕಿಂಡಿಯ ಜಾಲರಿಯಲ್ಲಿ ಧೂಳು ಕೂದಲು ಸೇರಿದ್ದರೆ ಸರ್ವಿಸ್‌ನಲ್ಲಿ ಹೇಳಿ ತೆಗೆಸಿ. ಮುಂದಿನ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಬಿಗಿಯಾಗಿ ಮುಚ್ಚುವ ಕವರ್ ಬೇಡವೇ ಬೇಡ.

ಬದಲಾಯಿಸಿದವರ ಕಥೆ

ಇಷ್ಟೆಲ್ಲ ಎಚ್ಚರಿಕೆ ಕೇಳಿ, ಹಾಗಾದರೆ ಕಾರನ್ನು ಮುಟ್ಟಲೇಬಾರದೇ ಎನ್ನಿಸಬಹುದು. ಹಾಗಲ್ಲ. ಹೈಬ್ರಿಡ್ ಕಾರು ಇಂದು ಇರುವ ಹಾಗೆ ಆಗಲು ಅದನ್ನು ಬಿಚ್ಚಿ ನೋಡಿದ ಕುತೂಹಲಿಗಳ ಪಾಲೂ ಇದೆ.

ಎರಡನೆಯ ತಲೆಮಾರಿನ ಪ್ರಿಯಸ್‌ಗೆ ಜಪಾನ್ ಮತ್ತು ಯುರೋಪಿನಲ್ಲಿ ಇವಿ ಎಂಬ ಒಂದು ಗುಂಡಿ ಇತ್ತು. ಒತ್ತಿದರೆ ಸ್ವಲ್ಪ ದೂರ ಬರೀ ವಿದ್ಯುತ್ತಿನಲ್ಲಿ ಹೋಗಬಹುದಿತ್ತು. ಅಮೆರಿಕದಲ್ಲಿ ಮಾರಿದ ಕಾರಿನಲ್ಲಿ ಆ ಗುಂಡಿ ಇರಲಿಲ್ಲ. ಅಲ್ಲಿನ ಮಾಲೀಕರು ಒಳಗಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇರುವುದನ್ನು ಪತ್ತೆ ಹಚ್ಚಿ ತಾವೇ ಗುಂಡಿ ಕೂಡಿಸಿದರು. 2004ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಕಾರ್ಸ್ ಎಂಬ ಸ್ವಯಂಸೇವಕರ ತಂಡ ಇನ್ನೂ ಮುಂದೆ ಹೋಗಿ, ಒಂದು ಪ್ರಿಯಸ್‌ಗೆ ಹೆಚ್ಚುವರಿ ಬ್ಯಾಟರಿ ಇಟ್ಟು ಮನೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ಹಾಗೆ ಮಾಡಿತು. ಹೀಗೂ ಸಾಧ್ಯ ಎಂದು ಜನರಿಗೆ ಕಂಡಿತು. 2012ರಲ್ಲಿ ಪ್ಲಗ್ ಇರುವ ಪ್ರಿಯಸ್ಸನ್ನು ಟೊಯೋಟಾ ಕಂಪನಿಯೇ ಅಲ್ಲಿ ಮಾರತೊಡಗಿತು.

ಇದೇ ಕಥೆಗೆ ಇನ್ನೊಂದು ಮುಖವಿದೆ. 2008ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹೀಗೆ ಪರಿವರ್ತಿಸಿದ್ದ ಪ್ರಿಯಸ್ ಒಂದು ರಸ್ತೆಯಲ್ಲಿ ಹೋಗುತ್ತಿರುವಾಗಲೇ ಬೆಂಕಿ ಹೊತ್ತಿಕೊಂಡಿತು. ಕೂಡಿಸಿದ ಬ್ಯಾಟರಿಯ ಸಂಪರ್ಕಗಳನ್ನು ಬೋಲ್ಟು ಹಾಕಿ ಜೋಡಿಸಿದ್ದು ಸರಿಯಿರಲಿಲ್ಲ ಎಂದು ತನಿಖೆಯಲ್ಲಿ ಕಂಡುಬಂತು. ಸಡಿಲ ಸಂಪರ್ಕ ಬಿಸಿಯಾಗುತ್ತದೆ, ನಮ್ಮ ಗೀಸರಿನ ಪ್ಲಗ್ ಕರಕಲಾಗುವುದೂ ಇದೇ ಕಾರಣಕ್ಕೆ. ಗೀಸರಿನ ಪ್ಲಗ್ಗಾದರೆ ಗೋಡೆ ಕಪ್ಪಾಗುತ್ತದೆ, ಇಲ್ಲಿ ನಾವೇ ಒಳಗೆ ಕೂತಿರುತ್ತೇವೆ. ತಿಳಿದವರು, ಅಳತೆ ಮಾಡಿ, ಪರೀಕ್ಷಿಸಿ ಮಾಡುವ ಕೆಲಸವನ್ನು ರಸ್ತೆ ಬದಿಯ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮಾಡಿಸಕೂಡದು. ಕಿತ್ತಳೆ ಕೇಬಲ್ಲಿನ ಹತ್ತಿರ ಯಾರಾದರೂ ಕಟ್ಟರ್ ಹಿಡಿದು ಹೋದರೆ ಅಲ್ಲಿಯೇ ತಡೆಯಿರಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಬೀಳಬಹುದು. ಫೋನ್ ಚಾರ್ಜರಿಗೆ ಯಾರೂ ಹಿಡಿಯುವುದಿಲ್ಲ. ಎಂಜಿನ್, ಮೋಟಾರು, ದೊಡ್ಡ ಬ್ಯಾಟರಿಗೆ ಕೈ ಹಾಕಿದರೆ ಮಾತು ಬೇರೆ. ಹೈಬ್ರಿಡ್ ಬ್ಯಾಟರಿಗೆ ನಮ್ಮಲ್ಲಿ ಟೊಯೋಟಾ, ಮಾರುತಿ ಎರಡೂ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ವೈರು ಕತ್ತರಿಸಿದ ಕಾರಿಗೆ ಆ ವಾರಂಟಿ ಕೇಳಲು ಹೋದರೆ ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದ ಹಾಗಾಗುತ್ತದೆ. ದುಬಾರಿ ಉಪಕರಣ ಹಾಕಿಸಿದರೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಆ್ಯಕ್ಸೆಸರೀಸ್ ಎಂದು ಮೌಲ್ಯ ಬರೆಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ. ಇಲ್ಲದಿದ್ದರೆ ಅದಕ್ಕೆ ಪರಿಹಾರ ಸಿಗುವುದು ಕಷ್ಟ.

ಕಾರೇ ಕರೆಂಟು ಕೊಟ್ಟರೆ?

"ಕರೆಂಟು ಹೋದಾಗ ಕಾರಿನಿಂದ ಮನೆಗೆ ತೆಗೆದುಕೊಳ್ಳಬಹುದೇ?" ಎಂದು ಮುಂದಿನ ಸಾಲಿನ ಅಕ್ಕ ಆಗಲೇ ಕೇಳಿದರು. ಒಳ್ಳೆಯ ಪ್ರಶ್ನೆ. ಜಪಾನಿನಲ್ಲಿ ಎಸ್ಟಿಮಾ ಎಂಬ ಹೈಬ್ರಿಡ್ ಕಾರಿನಲ್ಲಿ 1500 ವಾಟ್‌ನ ಪ್ಲಗ್ ಇತ್ತು. 2011ರ ಮಾರ್ಚ್ ಭೂಕಂಪ ಮತ್ತು ಸುನಾಮಿಯ ನಂತರ ವಿದ್ಯುತ್ ಇಲ್ಲದ ಊರುಗಳಲ್ಲಿ ಅದು ಕೆಲಸಕ್ಕೆ ಬಂತು. ಆದರೆ ಆ ಪ್ಲಗ್ಗನ್ನು ಕಾರಿನ ಜೊತೆಗೇ ವಿನ್ಯಾಸ ಮಾಡಿದ್ದರು.

ನಮ್ಮ ಕಾರಿನ 12 ವೋಲ್ಟ್ ಸಾಕೆಟ್ಟಿನ ಮುಚ್ಚಳದ ಮೇಲೆ ಸಾಮಾನ್ಯವಾಗಿ 120 ವಾಟ್ ಎಂದು ಬರೆದಿರುತ್ತದೆ. ಲ್ಯಾಪ್‌ಟಾಪಿಗೆ 65 ವಾಟ್ ಸಾಕು, ಬಾಣಂತಿಯರ ಬ್ರೆಸ್ಟ್ ಪಂಪು, ಟಯರಿಗೆ ಗಾಳಿ ತುಂಬುವ ಚಿಕ್ಕ ಪಂಪು ಕೂಡ ನಡೆಯುತ್ತವೆ, ಅದರ ವಾಟ್ ನೋಡಿ ಕೊಂಡುಕೊಂಡರೆ. ಚಹಾ ಕೆಟಲ್? 120 ವಾಟ್‌ನಲ್ಲಿ ಅರ್ಧ ಲೀಟರ್ ನೀರು ಕುದಿಯಲು ಶಾಖ ಒಂದಿಷ್ಟೂ ಸೋರದಿದ್ದರೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಫ್ಲಾಸ್ಕಿನಲ್ಲಿ ಚಹಾ ಒಯ್ಯುವುದೇ ಜಾಣತನ. ಯಾವುದನ್ನೇ ಬಳಸಿದರೂ ಕಾರು 'ರೆಡಿ'ಯಲ್ಲಿರಲಿ. ಬರೀ ಹಾಡಿಗಾಗಿ ಅರೆಬರೆ ಆನ್ ಮಾಡಿ ಗಂಟೆಗಟ್ಟಲೆ ಕೂತರೆ ಚಿಕ್ಕ ಬ್ಯಾಟರಿಯೇ ಎಲ್ಲ ಹೊರಬೇಕು.

ಇಲ್ಲಿ ಒಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. 'ರೆಡಿ'ಯಲ್ಲಿರುವ ಹೈಬ್ರಿಡ್ ಸದ್ದಿಲ್ಲದೆ ನಿಂತಿರುತ್ತದೆ, ಬಂದ್ ಆಗಿದೆ ಎಂದೇ ಅನ್ನಿಸುತ್ತದೆ. ಬ್ಯಾಟರಿ ಇಳಿದ ಕೂಡಲೇ ಯಾರನ್ನೂ ಕೇಳದೆ ಎಂಜಿನ್ ಶುರುವಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲೋ ಗಾಳಿ ಆಡದ ಬೇಸ್‌ಮೆಂಟಿನಲ್ಲೋ ಆದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊಮ್ಮಕ್ಕಳನ್ನು ಎಸಿ ಹಾಕಿ ಕಾರಿನಲ್ಲಿ ಕೂರಿಸಿ ಮೇಲೆ ಹೋಗಬೇಡಿ. ಇಳಿಯುವಾಗ 'ರೆಡಿ' ದೀಪ ಆರಿದೆಯೇ ನೋಡುವುದನ್ನು ಒಲೆಯ ನಾಬ್ ನೋಡಿದ ಹಾಗೆ ಅಭ್ಯಾಸ ಮಾಡಿಕೊಳ್ಳಿ.

ಊರಿನ ದಾರಿಗೆ

ನಮ್ಮಲ್ಲಿ ಅನೇಕರು ದೀಪಾವಳಿಗೆ, ಬೇಸಿಗೆ ರಜೆಗೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರಿನವರೆಗೂ ಕಾರಿನಲ್ಲೇ ಹೋಗುತ್ತೇವೆ. ಆ ದಾರಿಗೆ ಎರಡು ವಸ್ತು ಹೇಳುತ್ತೇನೆ. ಒಂದು, ಟಯರ್ ಒತ್ತಡ ತೋರಿಸುವ ವ್ಯವಸ್ಥೆ ಕಾರಿನಲ್ಲಿ ಇಲ್ಲದಿದ್ದರೆ ವಾಲ್ವಿಗೆ ತಿರುಪಿ ಹಾಕುವ ಸೆನ್ಸರ್. ವೈರಿಲ್ಲ, ಕತ್ತರಿಯಿಲ್ಲ. ಗಾಳಿ ಸರಿಯಿದ್ದರೆ ಮೈಲೇಜೂ ಉಳಿಯುತ್ತದೆ.

ಎರಡು, ಜಂಪ್ ಸ್ಟಾರ್ಟರ್ ಎಂಬ 12 ವೋಲ್ಟ್‌ನ ಕೈಚೀಲದ ಗಾತ್ರದ ಬ್ಯಾಟರಿ. ಚಿಕ್ಕ ಬ್ಯಾಟರಿ ಖಾಲಿಯಾದರೆ ಕಂಪ್ಯೂಟರ್ ಎಬ್ಬಿಸುವಷ್ಟು ಶಕ್ತಿ ಇದರಲ್ಲಿ ಇರುತ್ತದೆ, ಕಾರನ್ನು ಮುಂದಿನ ಊರಿಗೆ ಒಯ್ಯುವುದು ದೊಡ್ಡ ಬ್ಯಾಟರಿಯ ಕೆಲಸ. ಇದನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ವಿದ್ಯುತ್ತಿನಿಂದ ತೆರೆಯುವ ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಡಿಕ್ಕಿಯೇ ತೆರೆಯುವುದಿಲ್ಲ. ನಿಮ್ಮ ಬ್ಯಾಗಿನಲ್ಲಿರಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ರಿಮೋಟ್ ಕೀಲಿಯ ಹೊಟ್ಟೆಯಲ್ಲಿ ಒಂದು ಲೋಹದ ಕೀಲಿ ಅಡಗಿರುತ್ತದೆ, ಡ್ರೈವರ್ ಬದಿಯ ಬಾಗಿಲು ಅದರಿಂದ ತೆರೆಯುತ್ತದೆ. ಕೆಂಪು, ಕಪ್ಪು ಕ್ಲಿಪ್ ಎಲ್ಲಿ ಹಾಕಬೇಕು ಎಂಬುದು ಕಾರಿನ ಪುಸ್ತಕದಲ್ಲಿದೆ. ಅದಲುಬದಲಾದರೆ ದುಬಾರಿ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ಹಾಗೆಯೇ, ದಾರಿಯಲ್ಲಿ ನಿಂತ ಡೀಸೆಲ್ ಜೀಪಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಲು ಹೋಗಬೇಡಿ. ಅವರಿಗೆ ನೀರು ಕೊಡಿ, ಫೋನ್ ಕೊಡಿ, ಕರೆಂಟು ಬೇಡ.

ಕೊನೆಗೆ ಒಂದು ಮನೆಗೆಲಸ ಕೊಡುತ್ತೇನೆ, ಮೇಷ್ಟ್ರ ಚಟ ಬಿಟ್ಟಿಲ್ಲ. ಈ ಭಾನುವಾರ ಕಾರಿನ ಪುಸ್ತಕ ಹಿಡಿದು ಕೆಳಗೆ ಇಳಿಯಿರಿ. ನಾಲ್ಕು ವಸ್ತು ಹುಡುಕಿ: ಚಿಕ್ಕ ಬ್ಯಾಟರಿ ಎಲ್ಲಿದೆ, ಫ್ಯೂಸ್ ಬಾಕ್ಸ್ ಎಲ್ಲಿದೆ, ದೊಡ್ಡ ಬ್ಯಾಟರಿಯ ಗಾಳಿ ಕಿಂಡಿ ಎಲ್ಲಿದೆ, ಲೋಹದ ಕೀಲಿಯಿಂದ ಬಾಗಿಲು ಹೇಗೆ ತೆರೆಯುತ್ತದೆ. ಅರ್ಧ ಗಂಟೆ ಸಾಕು. ಮಗಳಿದ್ದರೆ ಜೊತೆಗೆ ಕರೆದುಕೊಳ್ಳಿ, ಸೊಸೆಯಿದ್ದರೆ ಅವಳನ್ನೂ. ಹುಡುಕಿ ಸಿಗದಿದ್ದರೆ ಮುಂದಿನ ಕೂಟಕ್ಕೆ ಕಾರು ತೆಗೆದುಕೊಂಡು ಬನ್ನಿ, ಸಭೆಯ ನಂತರ ಎಲ್ಲರೂ ಸೇರಿ ಬಾನೆಟ್ ತೆರೆದು ನೋಡೋಣ.